ವಿಷವಿಜ್ಞಾನಿಯೊಬ್ಬರ ಸೈಟೇಷನ್ (ಉಲ್ಲೇಖ) ಸಂಖ್ಯೆಯನ್ನು ಹೇಗೆ ಓದಬೇಕು?

ಪ್ರಶ್ನೆ: ಹೊಸ ಸಂಶೋಧನಾರ್ಥಿ, ರಸಾಯನಶಾಸ್ತ್ರ

ಎಲ್ಲರಿಗೂ ನಮಸ್ಕಾರ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಈಗ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಹಂತದಲ್ಲಿದ್ದೇನೆ. ಆಹಾರದಲ್ಲಿ ಉಳಿಯುವ ಕೀಟನಾಶಕದ ಅಂಶ ಮತ್ತು ಅದು ಜೀವಕೋಶಕ್ಕೆ ಮಾಡುವ ಹಾನಿ ನನ್ನ ಆಸಕ್ತಿಯ ವಿಷಯ. ಹಾಗಾಗಿ ರಸಾಯನಶಾಸ್ತ್ರವನ್ನೂ ವಿಷವಿಜ್ಞಾನವನ್ನೂ ಬಲ್ಲ ಮಾರ್ಗದರ್ಶಕರು ಬೇಕು.

ಸದ್ಯ ಇಬ್ಬರ ಬಳಿ ಸ್ಥಾನ ಖಾಲಿ ಇದೆ. ಮೊದಲನೆಯವರ ಗೂಗಲ್ ಸ್ಕಾಲರ್ ಪುಟದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಬಂಧಗಳಿದ್ದು, ಎಚ್-ಇಂಡೆಕ್ಸ್ (ಪ್ರಬಂಧಗಳಿಗೆ ಬಂದ ಉಲ್ಲೇಖಗಳ ಲೆಕ್ಕದಿಂದ ಕೊಡುವ ಅಂಕ) 48 ಎಂದಿದೆ. ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ಅವರ ಹೆಸರು ಬಂದಾಗ ವಿಭಾಗದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಎರಡನೆಯವರ ಪ್ರಬಂಧಗಳು ಅರವತ್ತರ ಆಸುಪಾಸು, ಎಚ್-ಇಂಡೆಕ್ಸ್ 19. ಮನೆಯವರೂ ಸ್ನೇಹಿತೆಯರೂ ಮೊದಲನೆಯವರನ್ನೇ ಆರಿಸಿಕೋ ಎನ್ನುತ್ತಿದ್ದಾರೆ. ನನಗೋ ಎರಡನೆಯವರ ಪ್ರಬಂಧಗಳನ್ನು ಓದಿದಾಗ ಹೆಚ್ಚು ಅರ್ಥವಾಯಿತು, ಹೆಚ್ಚು ನಂಬಿಕೆಯೂ ಬಂತು.

ವಿಷವಿಜ್ಞಾನದಂಥ ಕ್ಷೇತ್ರದಲ್ಲಿ ಒಬ್ಬ ವಿಜ್ಞಾನಿಯ ಪ್ರಬಂಧಗಳ ಸಂಖ್ಯೆಯೂ ಉಲ್ಲೇಖಗಳ ಸಂಖ್ಯೆಯೂ ನಿಜಕ್ಕೂ ಏನನ್ನು ತಿಳಿಸುತ್ತವೆ? ಒಬ್ಬರದೇ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ (ಉಲ್ಲೇಖಗಳನ್ನು ಎಣಿಸುವ ಇನ್ನೊಂದು ದತ್ತಾಂಶಕೋಶ) ಇನ್ನೊಂದು ಇರುವುದೇಕೆ? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ವಿಷವಿಜ್ಞಾನ ಅಧ್ಯಾಪಕ

ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ಪ್ರಬಂಧಗಳನ್ನು ಓದಿ ನೋಡಿದ್ದೀರಿ ಎಂಬುದೇ ನನಗೆ ಬಹಳ ಸಂತೋಷದ ಸಂಗತಿ. ಸಂಖ್ಯೆಗಳ ಅರ್ಥವನ್ನು ಬರಿಯ ತತ್ವವಾಗಿ ಹೇಳುವುದಕ್ಕಿಂತ, ನಮ್ಮ ಕ್ಷೇತ್ರದ ಒಬ್ಬ ವಿಜ್ಞಾನಿಯ ಬರಹದ ರಾಶಿಯನ್ನೇ ಬಿಡಿಸಿ ನೋಡುವುದು ಮೇಲು. ಅದಕ್ಕೆ ಬ್ರೂಸ್ ಏಮ್ಸ್ ಅವರಿಗಿಂತ ತಕ್ಕ ಹೆಸರು ನನಗೆ ಹೊಳೆಯುವುದಿಲ್ಲ.

ಏಮ್ಸ್ 1928ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು, 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ದುಡಿಮೆಯ ಬಹುಭಾಗ ನಡೆದದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅವರ ಹೆಸರಿನಲ್ಲಿ 550ಕ್ಕೂ ಹೆಚ್ಚು ಪ್ರಕಟಣೆಗಳಿವೆ. ಎಲ್ಲ ಕ್ಷೇತ್ರಗಳನ್ನೂ ಸೇರಿಸಿ ಎಣಿಸಿದರೂ ಅತಿ ಹೆಚ್ಚು ಉಲ್ಲೇಖಗೊಂಡ ಕೆಲವು ನೂರು ವಿಜ್ಞಾನಿಗಳಲ್ಲಿ ಅವರಿಗೆ ಸ್ಥಾನವಿತ್ತು. ಹೀಗೆ ಒಂದೇ ಸಾಲಿನಲ್ಲಿ ಹೇಳಿದಾಗ ಅವರು ಮಾಡಿದ್ದೇನೆಂಬುದು ಏನೂ ಗೊತ್ತಾಗುವುದಿಲ್ಲ, ಅಲ್ಲವೇ?

ರಾಶಿಯ ಮೇಲ್ತುದಿಯಲ್ಲಿರುವವುಗಳಲ್ಲಿ ಒಂದು, 1975ರಲ್ಲಿ ಜಾಯ್ಸ್ ಮೆಕ್ಯಾನ್ ಮತ್ತು ಎಡಿತ್ ಯಮಸಾಕಿ ಅವರೊಡನೆ ‘ಮ್ಯುಟೇಷನ್ ರಿಸರ್ಚ್’ ಎಂಬ ಜರ್ನಲ್‌ನಲ್ಲಿ ಪ್ರಕಟಿಸಿದ ಪ್ರಬಂಧ. ಅದೊಂದು ವಿಧಾನದ ಪ್ರಬಂಧ. ಇಂದು ಏಮ್ಸ್ ಪರೀಕ್ಷೆ ಎಂದು ಕರೆಯುವ ಪರೀಕ್ಷೆಯನ್ನು ಹೇಗೆ ಮಾಡಬೇಕೆಂದು ಹಂತ ಹಂತವಾಗಿ ತಿಳಿಸುವ ಬರಹ. ಹಿಸ್ಟಿಡೀನ್ ಎಂಬ ಅಮೈನೊ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ತಳಿಯನ್ನು, ಹಿಸ್ಟಿಡೀನ್ ತೀರ ಕಡಿಮೆಯಿರುವ ಅಗರ್ ತಟ್ಟೆಯ ಮೇಲೆ ಹರಡುತ್ತೇವೆ. ಅದರೊಡನೆ ಪರೀಕ್ಷಿಸಬೇಕಾದ ರಾಸಾಯನಿಕವನ್ನೂ, ನಾವು ಎಸ್-9 ಎಂದು ಕರೆಯುವ ಇಲಿಯ ಯಕೃತ್ತಿನ ಸಾರವನ್ನೂ ಬೆರೆಸಿ 37 ಡಿಗ್ರಿ ಉಷ್ಣತೆಯಲ್ಲಿ ಎರಡು ದಿನ ಇಡುತ್ತೇವೆ. ರಾಸಾಯನಿಕವು ಡಿಎನ್‌ಎಯನ್ನು ಬದಲಿಸುವಂಥದ್ದಾಗಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಹಿಸ್ಟಿಡೀನ್ ತಯಾರಿಸುವ ಶಕ್ತಿಯನ್ನು ಮರಳಿ ಪಡೆದು ಬೆಳೆಯುತ್ತವೆ, ತಟ್ಟೆಯ ತುಂಬ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಮೂಡುತ್ತವೆ. ರಾಸಾಯನಿಕ ಹಾಕದ ತಟ್ಟೆಯಲ್ಲೂ ಕೆಲವು ಚುಕ್ಕೆಗಳು ಇದ್ದೇ ಇರುತ್ತವೆ. ಆ ಎರಡು ಎಣಿಕೆಗಳ ನಡುವಿನ ಅಂತರವೇ ಫಲಿತಾಂಶ. ಇಲಿಗಳ ಮೇಲೆ ಎರಡು ವರ್ಷ ಪ್ರಯೋಗ ನಡೆಸಿ ಪಡೆಯುವ ಮಾಹಿತಿಯ ಮೊದಲ ಸುಳಿವನ್ನು ಈ ತಟ್ಟೆ ಎರಡೇ ದಿನಗಳಲ್ಲಿ ಕೊಡುತ್ತದೆ. ಏಮ್ಸ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ, ಕೇಳಿದ ಪ್ರಯೋಗಾಲಯಗಳಿಗೆಲ್ಲ ತಳಿಗಳನ್ನು ಉಚಿತವಾಗಿ ಕಳುಹಿಸಿಕೊಟ್ಟರು. ಆ ಉದಾರತೆಯೂ ಉಲ್ಲೇಖಗಳ ಸಂಖ್ಯೆ ಬೆಳೆಯಲು ಒಂದು ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ 1977ಕ್ಕೆ ಬನ್ನಿ. ಆರ್ಲೀನ್ ಬ್ಲಮ್ ಎಂಬ ರಸಾಯನ ವಿಜ್ಞಾನಿಯೊಡನೆ ಏಮ್ಸ್ ‘ಸೈನ್ಸ್’ ಪತ್ರಿಕೆಯಲ್ಲಿ, ಬಟ್ಟೆಗೆ ಬೇಗ ಬೆಂಕಿ ಹತ್ತದಂತೆ ಸೇರಿಸುವ ರಾಸಾಯನಿಕಗಳಿಂದ ಕ್ಯಾನ್ಸರ್ ಅಪಾಯ ಇರಬಹುದೆಂದು ಬರೆದರು. ಅಮೆರಿಕದಲ್ಲಿ ಮಕ್ಕಳು ರಾತ್ರಿ ಹಾಕಿಕೊಳ್ಳುವ ಉಡುಪುಗಳಲ್ಲಿ ಬಳಸುತ್ತಿದ್ದ ‘ಟ್ರಿಸ್’ ಎಂಬ ಬ್ರೋಮಿನ್ ಸಂಯುಕ್ತವನ್ನು ಅದೇ ವರ್ಷ ಅಲ್ಲಿನ ಸರ್ಕಾರ ನಿಷೇಧಿಸಿತು. 1975ರ ವಿಧಾನದ ಪ್ರಬಂಧದ ಪಕ್ಕದಲ್ಲಿಟ್ಟರೆ ಈ ಪ್ರಬಂಧಕ್ಕೆ ಬಂದ ಉಲ್ಲೇಖಗಳು ತೀರ ಕಡಿಮೆ. ಆದರೂ ಲಕ್ಷಾಂತರ ಮಕ್ಕಳ ಮೈಮೇಲಿನ ಬಟ್ಟೆಯನ್ನು ಬದಲಿಸಿದ್ದು ಇದೇ. ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಎರಡೂ ಪ್ರಬಂಧಗಳು ಒಂದೊಂದು ಅಂಕೆ ಮಾತ್ರ.

ಮುಂದೆ 1990ರ ಹೊತ್ತಿಗೆ ಏಮ್ಸ್ ಅವರ ನಿಲುವು ಬದಲಾಯಿತು. ನಾವು ತಿನ್ನುವ ಕೀಟನಾಶಕಗಳಲ್ಲಿ ಶೇ 99.99ರಷ್ಟು ಸಸ್ಯಗಳೇ ತಮ್ಮ ರಕ್ಷಣೆಗಾಗಿ ತಯಾರಿಸಿಕೊಂಡವು ಎಂದೂ, ಇಲಿಗಳಿಗೆ ಅತಿ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನಡೆಸುವ ಪರೀಕ್ಷೆಗಳಿಂದ ಸಣ್ಣ ಪ್ರಮಾಣದ ಅಪಾಯವನ್ನು ಊಹಿಸುವುದು ಸರಿಯಲ್ಲವೆಂದೂ ಲೋಯಿಸ್ ಗೋಲ್ಡ್ ಮುಂತಾದವರೊಡನೆ ಸೇರಿ ವಾದಿಸಿದರು. ಪರಿಸರದ ಪರವಾಗಿದ್ದ ಹಲವರು ಇದನ್ನು ಬಲವಾಗಿ ವಿರೋಧಿಸಿದರು. ಆ ಪ್ರಬಂಧಗಳನ್ನು ಒಪ್ಪಿದವರೂ ಉಲ್ಲೇಖಿಸಿದರು, ಖಂಡಿಸಿದವರೂ ಉಲ್ಲೇಖಿಸಿದರು. ನೀವು ಕೀಟನಾಶಕದ ಮೇಲೆ ಕೆಲಸ ಮಾಡುವವರಾದ್ದರಿಂದ ಆ ವಾದ ಪ್ರತಿವಾದಗಳನ್ನು ತಪ್ಪದೆ ಓದಿ. 1993ರಲ್ಲಿ ಆಕ್ಸಿಡೀಕರಣ ಮತ್ತು ಮುಪ್ಪಿನ ಕಾಯಿಲೆಗಳ ಬಗ್ಗೆ ಅವರು ಬರೆದ ಪ್ರಬಂಧಕ್ಕೂ ಅಪಾರ ಉಲ್ಲೇಖಗಳು ಬಂದಿವೆ, ಆದರೆ ಅದನ್ನು ಓದಿ ಬಳಸಿದವರೇ ಬೇರೆ ಕ್ಷೇತ್ರದವರು. ಹೀಗೆ ಒಬ್ಬರ ಒಟ್ಟು ಮೊತ್ತದೊಳಗೆ ಒಂದು ಉಪಕರಣ, ಒಂದು ಎಚ್ಚರಿಕೆ, ಒಂದು ವಿವಾದ, ಒಂದು ಹೊಸ ಕ್ಷೇತ್ರದ ಪ್ರವೇಶ ಎಲ್ಲವೂ ಬೆರೆತುಹೋಗಿರುತ್ತವೆ.

ಇನ್ನೊಂದು ಮಾತು. ನಮ್ಮ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಾದರೂ ಇಲಿಯ ಯಕೃತ್ತನ್ನು ಅರೆದು ಕೆಲಸ ಮಾಡಿದ ಮಹಾಪ್ರಬಂಧವನ್ನು ತೆರೆದು ನೋಡಿ. ಪ್ರೋಟೀನ್ ಅಳೆಯಲು ಲೌರಿ 1951, ಅಸಿಟೈಲ್‌ಕೋಲಿನ್ ಎಸ್ಟರೇಸ್ ಅಳೆಯಲು ಎಲ್‌ಮನ್ 1961, ಕೊಬ್ಬಿನ ಪೆರಾಕ್ಸೈಡ್ ಅಳೆಯಲು ಒಹ್ಕಾವಾ 1979 ಎಂಬ ಮೂರು ಸಾಲುಗಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. 2014ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಎಣಿಕೆಯಂತೆ ಲೌರಿಯವರ ಪ್ರಬಂಧವೊಂದಕ್ಕೇ 3,05,000ಕ್ಕೂ ಹೆಚ್ಚು ಉಲ್ಲೇಖಗಳಿದ್ದವು, ಜಗತ್ತಿನಲ್ಲೇ ಅದು ಮೊದಲನೆಯದು. ಅದು ತಮ್ಮ ಶ್ರೇಷ್ಠ ಕೆಲಸವೇನಲ್ಲ ಎಂದು ಲೌರಿಯವರೇ ಹೇಳಿದ್ದರು. ಹೀಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಉಲ್ಲೇಖ ಎಷ್ಟು ಎಂಬುದಲ್ಲ, ಯಾವ ಪ್ರಬಂಧಕ್ಕೆ ಮತ್ತು ಯಾತಕ್ಕಾಗಿ ಎಂಬುದು.

ಉತ್ತರ 2: ವಿಶ್ವವಿದ್ಯಾಲಯದ ಗ್ರಂಥಪಾಲಕಿ

ಮೇಷ್ಟ್ರು ವಿಜ್ಞಾನದ ಕಡೆಯಿಂದ ಹೇಳಿದ್ದಾರೆ. ನಾನು ಲೆಕ್ಕದ ಕಡೆಯಿಂದ ಹೇಳುತ್ತೇನೆ, ಏಕೆಂದರೆ ಅಧ್ಯಾಪಕರ ಬಡ್ತಿಯ ಕಡತಗಳಿಗೆ ಈ ಸಂಖ್ಯೆಗಳನ್ನು ತೆಗೆದುಕೊಡುವುದು ನಮ್ಮ ವಿಭಾಗದ ನಿತ್ಯದ ಕೆಲಸ.

ಉಲ್ಲೇಖಗಳ ಸೂಚಿಯನ್ನು ಕಟ್ಟಿದ ಯೂಜೀನ್ ಗಾರ್ಫೀಲ್ಡ್ ಸ್ವತಃ ರಸಾಯನಶಾಸ್ತ್ರದ ಪದವೀಧರರು. 1955ರಲ್ಲಿ ಅವರು ಅದರ ಕಲ್ಪನೆಯನ್ನು ಮುಂದಿಟ್ಟದ್ದು ಮುಖ್ಯವಾಗಿ ಸಾಹಿತ್ಯ ಹುಡುಕಾಟಕ್ಕಾಗಿ. ಒಂದು ಪ್ರಬಂಧವನ್ನು ಮುಂದೆ ಯಾರು ಯಾರು ಬಳಸಿದರು, ಯಾರು ಟೀಕಿಸಿದರು ಎಂದು ಜಾಡು ಹಿಡಿಯುವುದಕ್ಕೆ ಅದು ಬೇಕಾಗಿತ್ತು. ವ್ಯಕ್ತಿಗಳನ್ನು ತೂಗುವ ಬಳಕೆ ಆಮೇಲೆ ಬಲವಾಯಿತು. ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿಯಿಂದ. 48 ಎಂದರೆ, ತಲಾ ಕನಿಷ್ಠ 48 ಬಾರಿ ಉಲ್ಲೇಖಗೊಂಡ 48 ಪ್ರಬಂಧಗಳು ಆ ವ್ಯಕ್ತಿಯ ಹೆಸರಿನಲ್ಲಿವೆ ಎಂದಷ್ಟೇ ಅರ್ಥ. ಆ ಪ್ರಬಂಧದಲ್ಲಿ ಅವರು ಮೊದಲ ಲೇಖಕರೋ, ಹದಿನೈದು ಜನರ ನಡುವಿನ ಎಂಟನೆಯವರೋ ಎಂಬುದನ್ನು ಅದು ನೋಡುವುದಿಲ್ಲ. ವಯಸ್ಸಾದಂತೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ಮೂವತ್ತು ವರ್ಷ ಸೇವೆಯವರನ್ನೂ ಹನ್ನೆರಡು ವರ್ಷ ಸೇವೆಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು.

ಗೂಗಲ್ ಸ್ಕಾಲರ್‌ನಲ್ಲಿ ಸಂಖ್ಯೆ ಹೆಚ್ಚಿರುವುದೇಕೆ ಎಂದು ಕೇಳಿದ್ದೀರಿ. ಅದು ಮಹಾಪ್ರಬಂಧಗಳು, ಸಮ್ಮೇಳನದ ಹೊತ್ತಿಗೆಗಳು, ಮುದ್ರಣಪೂರ್ವ ಪ್ರತಿಗಳು ಹೀಗೆ ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಎಣಿಸುತ್ತದೆ. ಒಂದೇ ಹೆಸರಿನ ಇಬ್ಬರ ಪ್ರಬಂಧಗಳು ಒಬ್ಬರ ಪುಟಕ್ಕೆ ಸೇರಿಕೊಳ್ಳುವುದೂ ಉಂಟು, ವಿಶೇಷವಾಗಿ ಇನಿಷಿಯಲ್ ಬಳಸುವ ನಮ್ಮವರ ಹೆಸರುಗಳಲ್ಲಿ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿದ ಪ್ರಕಟಣೆಗಳನ್ನು ಮಾತ್ರ ಎಣಿಸುತ್ತವೆ. ಆ ಆಯ್ಕೆಯೂ ಸ್ಥಿರವಲ್ಲ. ಪರಿಸರ ರಸಾಯನಶಾಸ್ತ್ರದವರು ಬಹಳವಾಗಿ ಬರೆಯುತ್ತಿದ್ದ ‘ಕೀಮೋಸ್ಫಿಯರ್’ ಎಂಬ ಜರ್ನಲನ್ನು 2024ರ ಡಿಸೆಂಬರಿನಲ್ಲಿ ವೆಬ್ ಆಫ್ ಸೈನ್ಸ್ ತನ್ನ ಪಟ್ಟಿಯಿಂದ ತೆಗೆದುಹಾಕಿತು. ನಿಮ್ಮ ವಿಷಯಕ್ಕೆ ಹತ್ತಿರದ ಜರ್ನಲ್ ಅದು ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಫ್ಲೆಕ್ಸ್ ವಿಚಾರ. ಪತ್ರಿಕೆಗಳಲ್ಲಿ ‘ಸ್ಟ್ಯಾನ್‌ಫೋರ್ಡ್ ಪಟ್ಟಿ’ ಎಂದು ಬರುವುದು, ಆ ವಿಶ್ವವಿದ್ಯಾಲಯದ ಜಾನ್ ಇಯೊನಿಡಿಸ್ ಮತ್ತು ಸಹಲೇಖಕರು ಸ್ಕೋಪಸ್ ದತ್ತಾಂಶದಿಂದ ಸಿದ್ಧಪಡಿಸುವ ಪಟ್ಟಿ. ಅದು ವಿಶ್ವವಿದ್ಯಾಲಯವು ಕೊಡುವ ಪ್ರಶಸ್ತಿಯಲ್ಲ. ಆದರೆ ಅದನ್ನು ಹಗುರವಾಗಿ ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಬರಿಯ ಎಚ್-ಇಂಡೆಕ್ಸ್‌ಗಿಂತ ಅದರ ಲೆಕ್ಕ ಎಚ್ಚರಿಕೆಯದು. ಒಟ್ಟು ಉಲ್ಲೇಖದ ಜೊತೆಗೆ, ಒಬ್ಬರೇ ಬರೆದ, ಮೊದಲ ಲೇಖಕರಾಗಿ ಬರೆದ, ಕೊನೆಯ ಲೇಖಕರಾಗಿ ಬರೆದ ಪ್ರಬಂಧಗಳ ಉಲ್ಲೇಖಗಳನ್ನೂ ಅದು ಗಣಿಸುತ್ತದೆ. ಸ್ವಂತ ಉಲ್ಲೇಖಗಳನ್ನು, ಅಂದರೆ ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿದ್ದನ್ನು, ಕಳೆದರೆ ಸ್ಥಾನ ಎಷ್ಟಾಗುತ್ತದೆ ಎಂಬುದನ್ನೂ ತೋರಿಸುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ, ಹಿಂಪಡೆಯಲಾದ ಪ್ರಬಂಧಗಳ ಸಂಖ್ಯೆಯೂ ಇದೆ. ಇಡೀ ವೃತ್ತಿಜೀವನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಫ್ಲೆಕ್ಸ್‌ಗಳಲ್ಲಿ ಈ ವ್ಯತ್ಯಾಸವನ್ನು ಬರೆದಿರುವುದನ್ನು ನಾನು ಕಂಡಿಲ್ಲ. ಪಟ್ಟಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು, ನಿಮ್ಮ ಪ್ರಾಧ್ಯಾಪಕರ ಸಾಲನ್ನು ಅಡ್ಡಲಾಗಿ ಕೊನೆಯವರೆಗೂ ಓದಿ. ವಿಷವಿಜ್ಞಾನ ಅಲ್ಲಿ ಪ್ರತ್ಯೇಕ ಉಪಕ್ಷೇತ್ರ. ಅವರನ್ನು ಯಾವ ಉಪಕ್ಷೇತ್ರದಲ್ಲಿ ಹಾಕಿದ್ದಾರೆಂದು ನೋಡಿದರೆ ಅವರ ನಿಜವಾದ ಕೆಲಸ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಕ್ಷೇತ್ರದ ಗಾತ್ರವನ್ನು ಮರೆಯಬೇಡಿ. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರು 1,500ಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದು, ಎಚ್-ಇಂಡೆಕ್ಸ್‌ನಲ್ಲಿ ನೂರನ್ನು ದಾಟಿದವರು. ಅದು ಘನಸ್ಥಿತಿ ಮತ್ತು ವಸ್ತು ರಸಾಯನಶಾಸ್ತ್ರದ ವಿಶಾಲ ಬಯಲಿನಲ್ಲಿ ದಶಕಗಳ ದುಡಿಮೆಗೆ ಸಂದದ್ದು. ನಂಜಿನ ಪರೀಕ್ಷೆ ಮಾಡುವವರ ಬಳಗ ಚಿಕ್ಕದು, ಪ್ರಯೋಗಗಳು ನಿಧಾನ, ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಅಲ್ಲಿ 19 ಎಂಬುದು ಗಟ್ಟಿಯಾದ ಕೆಲಸದ ಫಲವಾಗಿರಬಹುದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಹೇಳಿದಂತೆ ಪಟ್ಟಿಯನ್ನು ಇಳಿಸಿಕೊಂಡು ನೋಡಿದೆ. ಮೊದಲನೆಯವರ ಹೆಸರು ಒಂದು ವರ್ಷದ ಪಟ್ಟಿಯಲ್ಲಿದೆ, ವೃತ್ತಿಜೀವನದ ಪಟ್ಟಿಯಲ್ಲಿಲ್ಲ. ಉಪಕ್ಷೇತ್ರ ವಿಷವಿಜ್ಞಾನವಲ್ಲ, ವಸ್ತುವಿಜ್ಞಾನ. ಅವರ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಬಹುಪಾಲು ವಿಮರ್ಶಾ ಲೇಖನಗಳು, ಅಂದರೆ ಇತರರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದವು. ಇದನ್ನು ದೋಷವೆಂದು ತಿಳಿಯಬೇಕೇ? ಮತ್ತೊಂದು ಸಂದೇಹ, ಮೇಷ್ಟ್ರೇ: ತಪ್ಪೆಂದು ತೋರಿಸುವುದಕ್ಕಾಗಿ ಉಲ್ಲೇಖಿಸಿದರೂ ಅದು ಎಣಿಕೆಗೆ ಸೇರುತ್ತದೆಯೇ?

ಉತ್ತರ 3: ನಿವೃತ್ತ ವಿಷವಿಜ್ಞಾನ ಅಧ್ಯಾಪಕ

ಖಂಡಿತ ಸೇರುತ್ತದೆ. ಫ್ರಾನ್ಸಿನ ಸೆರಾಲಿನಿ ಮತ್ತು ಸಂಗಡಿಗರು 2012ರಲ್ಲಿ ‘ಫುಡ್ ಅಂಡ್ ಕೆಮಿಕಲ್ ಟಾಕ್ಸಿಕಾಲಜಿ’ ಜರ್ನಲ್‌ನಲ್ಲಿ ಕುಲಾಂತರಿ ಮೆಕ್ಕೆಜೋಳ ಮತ್ತು ಕಳೆನಾಶಕದ ಬಗ್ಗೆ ಪ್ರಕಟಿಸಿದ ಪ್ರಬಂಧವನ್ನು ತೆಗೆದುಕೊಳ್ಳಿ. ಒಂದು ಗುಂಪಿಗೆ ಹತ್ತೇ ಇಲಿಗಳು. ಅದರಲ್ಲೂ ವಯಸ್ಸಾದಂತೆ ತಾವಾಗಿಯೇ ಗೆಡ್ಡೆ ಕಟ್ಟುವ ಸ್ಪ್ರೇಗ್-ಡಾಲಿ ತಳಿ. ಫಲಿತಾಂಶದಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದು 2013ರಲ್ಲಿ ಜರ್ನಲ್ ಅದನ್ನು ಹಿಂಪಡೆಯಿತು, 2014ರಲ್ಲಿ ಅದು ಇನ್ನೊಂದು ಜರ್ನಲ್‌ನಲ್ಲಿ ಮತ್ತೆ ಪ್ರಕಟವಾಯಿತು. ಅದನ್ನು ಉಲ್ಲೇಖಿಸಿದ ಪ್ರಬಂಧಗಳಲ್ಲಿ ಎಷ್ಟೋ ಅದರ ವಿನ್ಯಾಸವನ್ನು ಟೀಕಿಸಲೆಂದೇ ಬರೆದವು. ಯಂತ್ರದ ಎಣಿಕೆಗೆ ಹೊಗಳಿಕೆಯೂ ಒಂದೇ, ಖಂಡನೆಯೂ ಒಂದೇ.

ವಿಮರ್ಶಾ ಲೇಖನ ಬರೆಯುವುದು ದೋಷವಲ್ಲ. ಒಳ್ಳೆಯ ವಿಮರ್ಶೆ ಬರೆಯಲು ಇಡೀ ಕ್ಷೇತ್ರ ಅಂಗೈಯಲ್ಲಿರಬೇಕು. ಆದರೆ ನೀವು ಹೋಗುತ್ತಿರುವುದು ಕೈಕೆಲಸ ಕಲಿಯುವುದಕ್ಕೆ. ಮಾದರಿಯನ್ನು ಹೇಗೆ ಸಂಗ್ರಹಿಸಬೇಕು, ನಿಯಂತ್ರಣ ಗುಂಪನ್ನು ಹೇಗೆ ಇಡಬೇಕು, ಫಲಿತಾಂಶ ಬಾರದಿದ್ದಾಗ ಏನು ಮಾಡಬೇಕು ಎಂಬುದನ್ನು ತೋರಿಸಿಕೊಡುವವರು ನಿಮಗೆ ಬೇಕು. ಅದಕ್ಕೆ ಇಬ್ಬರ ಪ್ರಯೋಗದ ಪ್ರಬಂಧಗಳನ್ನೂ ತೆರೆದು, ವಿಧಾನದ ಭಾಗವನ್ನು ಮಾತ್ರ ಓದಿ. ಪ್ರಮಾಣ, ಇಲಿಗಳ ಸಂಖ್ಯೆ, ರಾಸಾಯನಿಕದ ಶುದ್ಧತೆ ಇಷ್ಟನ್ನು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂದು ನೋಡಿ. ನಂಜಿನ ಅಧ್ಯಯನದಲ್ಲಿ ರಾಸಾಯನಿಕದ ಶುದ್ಧತೆಯನ್ನೇ ನಮೂದಿಸದ ಪ್ರಬಂಧಕ್ಕೆ ಸಾವಿರ ಉಲ್ಲೇಖಗಳಿದ್ದರೂ ನಾನು ಅದನ್ನು ನಂಬುವುದಿಲ್ಲ.

ಉತ್ತರ 4: ಔಷಧ ಉದ್ಯಮದಲ್ಲಿರುವ ವಿಶ್ಲೇಷಣಾ ರಸಾಯನಜ್ಞ

ಎಣಿಕೆಗೆ ಸಿಗದ ಪ್ರಭಾವದ ಬಗ್ಗೆ ನನ್ನ ಕೆಲಸದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟಾನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ನೈಟ್ರೊಸಮೀನ್ ಗುಂಪಿನ ಕಲ್ಮಶ ಪತ್ತೆಯಾದಂದಿನಿಂದ ನಮ್ಮಂಥ ಪ್ರಯೋಗಾಲಯಗಳ ದಿನಚರಿಯೇ ಬದಲಾಗಿದೆ. ದಿನಕ್ಕೆ 96 ನ್ಯಾನೊಗ್ರಾಂ ಎಂಬ ಮಿತಿಯೊಳಗೆ ಎನ್‌ಡಿಎಂಎ ಇದೆಯೇ ಎಂದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುವುದು ರಸಾಯನಶಾಸ್ತ್ರ. ಹೊಸದೊಂದು ನೈಟ್ರೊಸಮೀನ್‌ಗೆ ಎಷ್ಟು ಮಿತಿ ಇಡಬೇಕೆಂದು ನಿರ್ಧರಿಸಲು ನೆರವಾಗುವ ಆಧಾರಗಳಲ್ಲಿ ಮುಖ್ಯವಾದದ್ದು ಮೇಷ್ಟ್ರು ವರ್ಣಿಸಿದ ಅದೇ ತಟ್ಟೆ. ಈಗ ಇಲಿಯ ಯಕೃತ್ತಿನ ಸಾರದ ಜೊತೆಗೆ ಹ್ಯಾಮ್‌ಸ್ಟರ್ ಯಕೃತ್ತಿನ ಸಾರವನ್ನೂ ಶೇ 30ರ ಪ್ರಮಾಣದಲ್ಲಿ ಬಳಸುವ ಬಲಪಡಿಸಿದ ಏಮ್ಸ್ ಪರೀಕ್ಷೆಯನ್ನು ಔಷಧ ನಿಯಂತ್ರಕರು ಕೇಳುತ್ತಾರೆ.

ನಮ್ಮ ವರದಿಗಳಲ್ಲಿ ‘ಒಇಸಿಡಿ ಮಾರ್ಗಸೂಚಿ 471ರ ಪ್ರಕಾರ’ (ಒಇಸಿಡಿ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಎಂದು ಬರೆಯುತ್ತೇವೆ, 1975ರ ಪ್ರಬಂಧವನ್ನು ಉಲ್ಲೇಖಿಸಲೇಬೇಕೆಂಬ ನಿಯಮವಿಲ್ಲ. ಆ ವರದಿಗಳೂ ಗೋಪ್ಯವಾಗಿ ನಿಯಂತ್ರಕರ ಕಚೇರಿಗೆ ಹೋಗುತ್ತವೆಯೇ ಹೊರತು ಸ್ಕೋಪಸ್‌ಗಲ್ಲ. ಒಂದು ವಿಧಾನ ಎಲ್ಲರ ಕೈಗೂ ಬಂದು ನಿಯಮವಾದಂತೆಲ್ಲ ಅದನ್ನು ಕಂಡುಹಿಡಿದವರನ್ನು ಉಲ್ಲೇಖಿಸುವುದು ಕಡಿಮೆಯಾಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಹಾಗಾಗಿ ನಿಮ್ಮ ಎರಡನೆಯ ಪ್ರಾಧ್ಯಾಪಕರ ವಿಧಾನವನ್ನು ಯಾವುದಾದರೂ ಸರ್ಕಾರಿ ಪ್ರಯೋಗಾಲಯವೋ ಆಹಾರ ಪರೀಕ್ಷಾ ಕೇಂದ್ರವೋ ಬಳಸುತ್ತಿದೆಯೇ ಎಂದು ಅವರನ್ನೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಆದರೆ ಒಂದು ವಿಷಯದಲ್ಲಿ ಹಿರಿಯರ ಮಾತಿಗೆ ಸ್ವಲ್ಪ ತಿದ್ದುಪಡಿ ಅಗತ್ಯವೆನಿಸುತ್ತದೆ. ಪಿಎಚ್.ಡಿ. ಬಳಿಕ ಹೊರದೇಶದಲ್ಲಿ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕುವಾಗ ಮಾರ್ಗದರ್ಶಕರ ಹೆಸರಿಗೂ ಸಂಪರ್ಕಗಳಿಗೂ ಬೆಲೆ ಇದೆ. ಸಂಖ್ಯೆಗಳು ಅಲ್ಲಿ ಬಾಗಿಲು ತೆರೆಯುತ್ತವೆ ಎಂಬುದನ್ನು ಮುಚ್ಚಿಡುವುದು ವಿದ್ಯಾರ್ಥಿನಿಗೆ ಮಾಡುವ ಅನ್ಯಾಯವಾಗುತ್ತದೆ. ದೊಡ್ಡ ಗುಂಪಿನಲ್ಲಿ ಉಪಕರಣಗಳೂ ಹಣವೂ ಹೆಚ್ಚಿರುತ್ತವೆ. ಕೀಟನಾಶಕದ ಉಳಿಕೆ ಅಳೆಯುವ ಕೆಲಸಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಕೈಗೆ ಸಿಗುತ್ತದೆಯೇ ಎಂಬುದು ಎಚ್-ಇಂಡೆಕ್ಸ್‌ಗಿಂತ ದೊಡ್ಡ ಪ್ರಶ್ನೆ. ಎರಡನೆಯವರ ಪ್ರಯೋಗಾಲಯದಲ್ಲಿ ಅದು ಇಲ್ಲದಿದ್ದರೆ, ಬೇರೆ ಸಂಸ್ಥೆಯ ಉಪಕರಣ ಬಳಸಲು ಅವರಿಗೆ ಒಪ್ಪಂದ ಇದೆಯೇ ಎಂದು ತಿಳಿದುಕೊಂಡೇ ಮುಂದುವರಿಯಿರಿ.

ಪ್ರಶ್ನೆ ಕೇಳಿದವರು:

ಬಹಳ ಉಪಕಾರವಾಯಿತು. ಸೋಮವಾರ ಇಬ್ಬರನ್ನೂ ಭೇಟಿಯಾಗಿ ಉಪಕರಣದ ವಿಷಯ ಕೇಳುತ್ತೇನೆ. ಕೊನೆಯದಾಗಿ, ನಮ್ಮ ಕಾಲೇಜಿನಲ್ಲಿ ಸ್ಕೋಪಸ್ ಚಂದಾ ಇಲ್ಲ. ಸ್ವಂತ ಉಲ್ಲೇಖಗಳನ್ನು ಕಳೆದು ನೋಡಲು ಬೇರೆ ದಾರಿ ಇದೆಯೇ?

ಉತ್ತರ 5: ವಿಶ್ವವಿದ್ಯಾಲಯದ ಗ್ರಂಥಪಾಲಕಿ

ಇದೆ. ಇಯೊನಿಡಿಸ್ ಪಟ್ಟಿಯಲ್ಲಿ ಮೊದಲನೆಯವರ ಸಾಲಿನಲ್ಲೇ ಸ್ವಂತ ಉಲ್ಲೇಖದ ಶೇಕಡಾವಾರು ಇರುತ್ತದೆ. ಎರಡನೆಯವರು ಪಟ್ಟಿಯಲ್ಲಿಲ್ಲದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಅವರ ಮೊದಲ ಐದು ಪ್ರಬಂಧಗಳನ್ನು ತೆರೆದು, ಪ್ರತಿಯೊಂದರ ಕೆಳಗೆ ಬರುವ ಉಲ್ಲೇಖಗಳ ಪಟ್ಟಿಯನ್ನು ಒತ್ತಿ, ಲೇಖಕರ ಹೆಸರುಗಳನ್ನು ಕಣ್ಣಾಡಿಸಿ. ಅರವತ್ತು ಪ್ರಬಂಧಗಳವರಿಗೆ ಇದು ಒಂದು ಸಂಜೆಯ ಕೆಲಸ. ‘ಓಪನ್‌ಅಲೆಕ್ಸ್’ ಎಂಬ ಮುಕ್ತ ದತ್ತಾಂಶಕೋಶವೂ ಚಂದಾ ಇಲ್ಲದೆ ಸಿಗುತ್ತದೆ, ಅಲ್ಲಿ ಲೇಖಕರ ಹೆಸರಿನೊಡನೆ ಆರ್ಕಿಡ್ (ಪ್ರತಿ ಸಂಶೋಧಕರಿಗೂ ಇರುವ ಪ್ರತ್ಯೇಕ ಗುರುತಿನ) ಸಂಖ್ಯೆ ಹೊಂದುತ್ತಿದೆಯೇ ನೋಡಿಕೊಳ್ಳಿ. ಹುಡುಕುವಾಗಲೇ ಉಲ್ಲೇಖಿಸಿದ ಪ್ರಬಂಧಗಳಲ್ಲಿ ಎರಡು ಮೂರನ್ನು ತೆರೆದು, ನಿಮ್ಮ ಪ್ರಾಧ್ಯಾಪಕರ ಹೆಸರು ಬರುವ ವಾಕ್ಯವನ್ನೂ ಓದಿ. ಪೀಠಿಕೆಯಲ್ಲಿ ಏಳೆಂಟು ಹೆಸರುಗಳ ಗುಂಪಿನಲ್ಲಿ ಬಂದಿದೆಯೋ, ವಿಧಾನದ ಭಾಗದಲ್ಲಿ ಒಂಟಿಯಾಗಿ ಬಂದಿದೆಯೋ ಗಮನಿಸಿ. ವಿಧಾನದ ಭಾಗದಲ್ಲಿ ಬಂದಿದ್ದರೆ ಬೇರೆ ಊರಿನ ಯಾರೋ ಆ ಪ್ರಯೋಗವನ್ನು ಮತ್ತೆ ಮಾಡಿದ್ದಾರೆ ಎಂದು ತಿಳಿಯಬಹುದು.